ಟವೆಲ್ಲಿನೊಳಗಿನ ಸೆಮಿಫೈನಲ್

ಕಪಿಲನಿಗೆ ಲೀಗಿನಲ್ಲಿ ಜಾಗವಿರಲಿಲ್ಲ. ಆ ಜಾಗದಲ್ಲಿ ವಿಶಾಲನಿದ್ದ. ಆರಡಿ ಮೂರಂಗುಲದ ಆಳು, ಗೋಲಿನ ಮುಂದೆ ಗೋದ್ರೇಜ್ ಬೀರು ತಂದಿಟ್ಟ ಹಾಗೆ. ಅವನಿಗೆ ಜ್ವರ ಬರುತ್ತಿರಲಿಲ್ಲ, ಕಾಲು ಉಳುಕುತ್ತಿರಲಿಲ್ಲ, ಅವನ ಅಕ್ಕ ಮದುವೆಯಾದದ್ದು ಕೂಡ ಪಂದ್ಯವಿಲ್ಲದ ದಿನ. ಹುಬ್ಬಳ್ಳಿಯ ಆ ಕ್ಲಬ್ಬಿನಲ್ಲಿ ಎರಡನೇ ಗೋಲ್‌ಕೀಪರ್ ಎಂದರೆ ಟಿಕೆಟ್ ಇಲ್ಲದೆ ಪಂದ್ಯ ನೋಡುವವನು, ಅಷ್ಟೇ.

ಉಳಿದದ್ದು ನಾಕೌಟ್ ಕಪ್. ಒಂದು ಸಲ ಸೋತರೆ ಹೊರಗೆ. ಅಂಥ ಪಂದ್ಯಾವಳಿಗೆ ಎರಡನೇ ಕೀಪರನನ್ನು ಇಳಿಸುವುದು ಕ್ಲಬ್ಬುಗಳ ರೂಢಿ. ತನಗೆ ಬೇಕಾದದ್ದು ಲೀಗಿನ ಬಡ್ತಿ, ಕಪ್ಪಿನಿಂದ ಎಷ್ಟು ಬೇಗ ಹೊರಬಿದ್ದರೆ ಹುಡುಗರ ಮೊಣಕಾಲಿಗೆ ಅಷ್ಟು ಒಳ್ಳೆಯದು ಎಂದು ಕೋಚ್ ತ್ರ್ಯಂಬಕ ಮೊದಲ ಸುತ್ತಿಗೂ ಮುಂಚೆಯೇ ಹೇಳಿಬಿಟ್ಟಿದ್ದ. ಹಾಗಾದರೆ ಮುಂದಿನ ವರ್ಷ ನನ್ನನ್ನು ಇಟ್ಟುಕೊಳ್ಳುತ್ತೀರೋ ಇಲ್ಲವೋ ಎಂದು ಕಪಿಲ ಕೇಳಿದಾಗ ಮಾತ್ರ ಸ್ವಲ್ಪ ಯೋಚಿಸಿದ.

"ಫೈನಲ್ ಮುಟ್ಟಿಸು, ಇಟ್ಕೋತೇವಿ. ಇಲ್ಲಾಂದ್ರ ಮಾಳಮಡ್ಡಿಗೆ ಹೋಗಿ ಹಾರ್ಮೋನಿಯಂ ಬಾರಿಸು. ನಿಮ್ಮ ಮನ್ಯಾಗ ಅದಕ್ಕೇನು ಬರ ಇಲ್ಲ."

ಬರವಿರಲಿಲ್ಲ, ನಿಜ. ಕಪಿಲನ ಅಪ್ಪ, ಅಜ್ಜ ಇಬ್ಬರೂ ಸಂಗೀತದ ಮೇಷ್ಟ್ರು. ಮಾಳಮಡ್ಡಿಯ ಮನೆಯಲ್ಲಿ ನಾಲ್ಕು ಹಾರ್ಮೋನಿಯಂ ಇದ್ದವು, ಮೂರು ನುಡಿಯುತ್ತಿದ್ದವು.

ಮೊದಲ ಎರಡು ಪಂದ್ಯ ಪೆನಾಲ್ಟಿ ಕಿಕ್ಕಿಗೆ ಹೋದವು. ಎರಡನ್ನೂ ಗೆದ್ದರು. ಗೆಲ್ಲಿಸಿದವನು ದ್ಯಾಮಣ್ಣ. ಕ್ಲಬ್ಬಿನ ಬೂಟು, ಬಟ್ಟೆ ನೋಡಿಕೊಳ್ಳುವ ಈ ಮನುಷ್ಯ ಅದಕ್ಕೂ ಮೊದಲು ಮೂವತ್ತು ವರ್ಷ ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದ. ಎದುರಾಳಿಗಳ ಅಭ್ಯಾಸವನ್ನು ಬೇಲಿಯಾಚೆ ನಿಂತು ನೋಡಿ, ಯಾವನು ಯಾವ ಕಡೆ ಒದೆಯುತ್ತಾನೆ ಎಂಬುದನ್ನು ಎತ್ತಿನ ಸುಳಿ ಹೇಳಿದಷ್ಟು ಸಲೀಸಾಗಿ ಹೇಳುತ್ತಿದ್ದ. ಬೇರೆ ಕಡೆ ಇದನ್ನು ಚೀಟಿಯಲ್ಲಿ ಬರೆದು ಕೀಪರನ ನೀರಿನ ಬಾಟಲಿಗೆ ಅಂಟಿಸುತ್ತಾರೆ. ಬರೆದದ್ದನ್ನು ಊರೆಲ್ಲ ಓದುತ್ತದೆ ಎಂಬುದು ದ್ಯಾಮಣ್ಣನ ತಕರಾರು. ಅವನು ಸಂತೆಯಲ್ಲಿ ಬಟ್ಟೆಯಡಿ ಬೆರಳು ಹಿಡಿದು ಗುಟ್ಟಾಗಿ ದರ ಮಾತಾಡುವ ಹಾಗೆ ಕಪಿಲನ ಕೈಗವಸು ಬಿಚ್ಚಿಸಿ, ಕೈಯನ್ನು ಟವೆಲ್ಲಿನೊಳಗೆ ಎಳೆದುಕೊಂಡು ಬೆರಳು ಹಿಡಿಯುತ್ತಿದ್ದ. ಒಂದು ಬೆರಳು ಹಿಡಿದರೆ ಎಡಕ್ಕೆ ಹಾರಬೇಕು, ಎರಡು ಹಿಡಿದರೆ ಬಲಕ್ಕೆ. ಐದು ಕಿಕ್ಕಿಗೆ ಐದು ಹಿಡಿತ. ತಾಳ ಹಾಕಿ ಬೆಳೆದ ಹುಡುಗ, ಐದು ಎಣಿಕೆ ಮರೆಯಲಿಲ್ಲ. ಎರಡು ಪಂದ್ಯದಲ್ಲಿ ಐದು ಕಿಕ್ ತಡೆದ. ಕ್ವಾರ್ಟರ್‌ಫೈನಲ್ಲಿನಲ್ಲಿ ಎದುರಿನವರು ತಮ್ಮ ಗೋಲಿಗೆ ತಾವೇ ಚೆಂಡು ಹೊಡೆದುಕೊಂಡು ಉಪಕಾರ ಮಾಡಿದರು.

ಸೆಮಿಫೈನಲ್ ಬೆಳಗಾವಿಯ ಕ್ಲಬ್ಬಿನ ಮೇಲೆ, ಹುಬ್ಬಳ್ಳಿಯಲ್ಲೇ. ಆ ದಿನ ಕ್ಲಬ್ಬಿನ ಅಧ್ಯಕ್ಷ ಗುರುಬಸವ ಮೊದಲ ಸಲ ಮೈದಾನಕ್ಕೆ ಬಂದ. ದೊಡ್ಡ ಹತ್ತಿ ವ್ಯಾಪಾರಿ, ಹೋರಿಯ ಶೋಕಿಯೂ ಉಂಟು. ಕಪಿಲನನ್ನು ತೋರಿಸಿ, ಇವನ ಅಂಗಿ ಬೇರೆ ಬಣ್ಣದ್ದಿದೆಯಲ್ಲ, ಇವನು ನಮ್ಮ ಕಡೆಯವನು ಹೌದೋ ಅಲ್ಲವೋ ಎಂದು ಪಕ್ಕದವರನ್ನು ವಿಚಾರಿಸಿದ.

ಹೆಚ್ಚುವರಿ ಅರ್ಧ ಗಂಟೆ ಮುಗಿದರೂ ಪಂದ್ಯ ಒಂದು–ಒಂದು. ಮತ್ತೆ ಪೆನಾಲ್ಟಿ. ದ್ಯಾಮಣ್ಣ ಟವೆಲ್ ಕೊಡವುವ ಹೊತ್ತಿಗೆ ಗುರುಬಸವ ಗ್ಯಾಲರಿಯಿಂದ ಇಳಿದು ಬಂದು, ಇದೇನು ನಡೆದಿದೆ ಎಂದು ಕೇಳಿದ. ವಿಷಯ ತಿಳಿದು ಅವನ ಮುಖ ಅರಳಿತು. ಅಷ್ಟು ಹೊತ್ತಿಗೆ ಆ ಆಟದಲ್ಲಿ ಅವನಿಗೆ ಅರ್ಥವಾದದ್ದು ಅದೊಂದೇ. ಕೈ ಚಾಚಿದ. ಧಣಿ ಎದುರಿಗಿದ್ದಾಗ ದಲ್ಲಾಳಿ ಟವೆಲ್ಲಿಗೆ ಕೈ ಹಾಕುವ ಪದ್ಧತಿಯಿಲ್ಲ. ದ್ಯಾಮಣ್ಣ ಐದೂ ಲೆಕ್ಕವನ್ನು ಅವನ ಕಿವಿಯಲ್ಲಿ ಉಸುರಿ, ಟವೆಲ್ ಒಪ್ಪಿಸಿ ಹಿಂದೆ ಸರಿದ.

ಉಂಗುರ ತುಂಬಿದ ಕೈಯೊಂದು ಕಪಿಲನ ಬೆರಳು ಹಿಡಿಯಿತು. ಎರಡು. ಒಂದು. ಒಂದು. ಎರಡು. ಒಂದು. ಕಪಿಲ ತಲೆಯಾಡಿಸಿ, ಕೈ ಕಿತ್ತುಕೊಂಡು ಗೋಲಿನತ್ತ ಓಡಿದ. ಗುರುಬಸವ ಟವೆಲ್ಲಿನೊಳಗೆ ಕೈ ಇಟ್ಟುಕೊಂಡು ಹಾಗೇ ನಿಂತಿದ್ದ.

ಬೆಳಗಾವಿಯ ಮೊದಲನೆಯವನು ಓಡಿ ಬಂದ. ಕಪಿಲ ಬಲಕ್ಕೆ ಹಾರಿದ, ಚೆಂಡು ಎಡಕ್ಕೆ ಹೋಯಿತು. ಎರಡನೆಯದಕ್ಕೆ ಎಡಕ್ಕೆ ಹಾರಿದ, ಅದು ಬಲಕ್ಕೆ. ಮೂರನೆಯದೂ ಹಾಗೇ. ನಡುವೆ, ಪ್ರತಿ ಸಲ ಮೊದಲು ಒದೆಯುತ್ತಿದ್ದ ಹುಬ್ಬಳ್ಳಿಯವರು ಎರಡು ಹೊಡೆದು ಒಂದನ್ನು ಆಕಾಶಕ್ಕೆ ಕಳಿಸಿದ್ದರು; ಅವರ ನಾಲ್ಕನೆಯದು ಒಳಗೆ ಬಿದ್ದು ಮೂರು–ಮೂರಾಯಿತು. ನಾಲ್ಕನೇ ಬೆಳಗಾವಿಯವನು ಬಂದಾಗ ಕಪಿಲನಿಗೆ ಸಿಟ್ಟು ಬಂತು. ಹಿಡಿತ ಬಲ ಎಂದಿತ್ತು. ಎಡಕ್ಕೆ ಹಾರಿದ. ಚೆಂಡು ಬಂದು ಅಂಗೈಗೆ ಬಡಿಯಿತು.

ಹುಬ್ಬಳ್ಳಿಯ ಐದನೆಯವನು ಫಿರದೋಸ. ಅವನು ಒದ್ದದ್ದು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಉಳಿದದ್ದು ಒಂದೇ ಕಿಕ್. ತಡೆದರೆ ಆಟ ಮುಂದುವರಿಯುತ್ತದೆ, ಬಿಟ್ಟರೆ ಎಲ್ಲ ಮುಗಿಯುತ್ತದೆ.

ಹಿಡಿತ ಎಡ ಎಂದಿತ್ತು. ಕಪಿಲನಿಗೆ ಬಲಕ್ಕೆ ಹಾರಬೇಕು ಎನಿಸಿತು, ಕಾಲೂ ಅತ್ತಲೇ ವಾಲಿತು. ಆದರೆ ಅವನು ಬೆಳೆದ ಮನೆಯಲ್ಲಿ ಹಿರಿಯರ ಮಾತನ್ನು ಒಮ್ಮೆ ಮೀರಿದರೆ ತಪ್ಪು, ಎರಡು ಸಲ ಮೀರಿದರೆ ಸೊಕ್ಕು. ನಾಲ್ಕನೆಯದನ್ನು ಏನೋ ಅದೃಷ್ಟಕ್ಕೆ ತಡೆದೆ, ದ್ಯಾಮಣ್ಣ ಐದಕ್ಕೆ ಐದೂ ತಪ್ಪುವವನಲ್ಲ ಎಂದುಕೊಂಡು ಎಡಕ್ಕೆ ಹಾರಿದ. ಚೆಂಡು ಬಲಕ್ಕೆ, ಅವಸರವೇ ಇಲ್ಲದೆ ಉರುಳಿ ಒಳಗೆ ಹೋಯಿತು.

ಗುರುಬಸವ ಬಂದ. ಸಿಟ್ಟಾಗಿರಲಿಲ್ಲ, ಅಚ್ಚರಿಗೊಂಡಿದ್ದ.

"ನೀ ಯಾಕ ತಿರುಗಿ ಒತ್ತಲಿಲ್ಲೋ?"

ಏನನ್ನು ಒತ್ತಬೇಕಿತ್ತೆಂದು ಕಪಿಲನಿಗೆ ತಿಳಿಯಲಿಲ್ಲ.

"ಮೊದಲನೇ ಹಿಡಿತಕ್ಕ ಖರೇ ರೇಟ್ ಯಾವ ವ್ಯಾಪಾರಿ ಹೇಳ್ತಾನ? ನಾ ಎಲ್ಲಾ ಉಲ್ಟಾ ಹಿಡಿದೆ. ನೀ ಒಲ್ಲೆ ಅಂತ ಒತ್ತಬೇಕಿತ್ತು, ಆಮ್ಯಾಲ ನಾ ಖರೇದ್ದು ಹೇಳ್ತಿದ್ದೆ. ನೀ ನೋಡಿದ್ರ ಹೂಂ ಅಂದು ಓಡೇ ಹೋದಿ. ಇಷ್ಟು ಲಗೂ ಒಪ್ಪಿದ ಗಿರಾಕಿನ್ನ ನಾ ಕಂಡೇ ಇಲ್ಲ."

"ನಾ ನಿಮ್ಮ ಕಡೆಯಾವ ಇದ್ದೇನ್ರಿ ಸಾಹುಕಾರ್ರ," ಎಂದ ಕಪಿಲ. "ನನ್ನ ಕೂಡ ಯಾಕ ವ್ಯಾಪಾರ ಮಾಡಿದ್ರಿ?"

ಗುರುಬಸವ ಪ್ರಾಮಾಣಿಕವಾಗಿ ಯೋಚಿಸಿದ. "ನಲವತ್ತು ವರ್ಷದ ಕೈ ಅದು. ಟವೆಲ್ಲಿನ್ಯಾಗ ಹೋತಂದ್ರ ನನ್ನ ಮಾತೂ ಕೇಳಂಗಿಲ್ಲ."

ದ್ಯಾಮಣ್ಣ ಯಾರ ಮುಖವನ್ನೂ ನೋಡದೆ ಬೂಟು ಎಣಿಸುತ್ತಿದ್ದ. ತ್ರ್ಯಂಬಕ ಮಾತ್ರ ಬಂದು ಕಪಿಲನ ಬೆನ್ನು ತಟ್ಟಿ, ಛಲೋ ಆಡಿದೆ ಎಂದ. ಅವನು ಮಾತಿಗೆ ತಪ್ಪುವ ಮನುಷ್ಯನಲ್ಲ.

ಆ ವರ್ಷ ಕಪಿಲ ಆಡಿದ್ದು ನಾಲ್ಕು ಪಂದ್ಯ. ಕಳೆದುಕೊಂಡದ್ದು ಒಂದು ಸೆಮಿಫೈನಲ್, ಒಂದು ನೌಕರಿ, ವಿದ್ಯಾನಗರದಲ್ಲಿದ್ದ ಕ್ಲಬ್ಬಿನ ಕೋಣೆಯಲ್ಲಿ ಒಂದು ಮಂಚ. ಒಟ್ಟು ಮೂರು.