ಇಪ್ಪತ್ತೆರಡು ಕಿಲೋ

ಥಿಯೇಟರಿನ ಬಾಗಿಲು ಕಾಯುವ, ಡ್ರಮ್ಮಿನಂಥ ಮೈಯ ಡ್ರಮ್ಮಣ್ಣ ಎರಡು ತಿಂಗಳಲ್ಲಿ ಇಪ್ಪತ್ತೆರಡು ಕಿಲೋ ಇಳಿದಿದ್ದ. ಅಕ್ಕನ ಗಂಡ ಜಿಮ್ ನಡೆಸುತ್ತಿದ್ದ. ಆ ಭಾವ ಕೊಟ್ಟ ಪುಡಿಯನ್ನು ನೀರಿಗೆ ಕಲಸಿ ದಿನಕ್ಕೆ ಮೂರು ಲೋಟ ಕುಡಿಯುವುದೇ ಅವನ ಊಟ.

ಒಂದು ದಿನ ಜಿಮ್ಮಿನಲ್ಲಿ ಅವನ ಬಲಪಕ್ಕೆಯ ಕೆಳಗೆ ಯಾರೋ ಚೂರಿ ಹಾಕಿ ತಿರುವಿದಂತಾಯಿತು.

"ಭಾವ, ಜೀವ ಹೋಗ್ತಿದೆ. ಆಸ್ಪತ್ರೆಗೆ ಕರ್ಕೊಂಡು ಹೋಗಿ."

"ಕೊಬ್ಬು ಕರಗೋವಾಗ ಹಾಗೇ ಆಗೋದು ಕಣೋ. ಹೋದ ವಾರಾನೂ ಸಾಯ್ತೀನಿ ಅಂದೆ, ಸತ್ತೆಯಾ?"

ಡ್ರಮ್ಮಣ್ಣನ ಮುಷ್ಟಿ ಭಾವನ ಮೂಗಿಗೆ ಬಿತ್ತು. ಭಾವ ಹೋಗಿ ಕನ್ನಡಿಗೆ ಬಡಿದ. ಗಾಜು ಚೂರುಚೂರಾಗಿ ಇಬ್ಬರ ಮೇಲೂ ಸುರಿಯಿತು. ಇನ್ನೊಂದು ಏಟಿಗೆ ಕೈಯೆತ್ತಿದ ಡ್ರಮ್ಮಣ್ಣ ಹಸಿರು ವಾಂತಿ ಮಾಡಿಕೊಂಡು ಗಾಜಿನ ಮೇಲೇ ಕುಸಿದ. ರಕ್ತ ಸೋರುವ ಮೂಗಿನಲ್ಲೇ ಭಾವ ಅವನನ್ನು ಆಸ್ಪತ್ರೆಗೆ ಸಾಗಿಸಿದ.

"ಅರೆಹೊಟ್ಟೇಲಿ ಇಷ್ಟು ಬೇಗ ಇಳಿದರೆ ಪಿತ್ತ ಹೆಪ್ಪುಗಟ್ಟಿ ಕಲ್ಲಾಗುತ್ತೆ," ಅಂದರು ಡಾಕ್ಟರು. "ಪಿತ್ತಕೋಶ ಕೊಳೀತಾ ಇದೆ, ಇವತ್ತೇ ತೆಗೀಬೇಕು. ಈ ಪಥ್ಯ ಹೇಳಿದ್ದು ಯಾರು?"

"ನಾನೇ," ಅಂದ ಭಾವ, ತಲೆ ತಗ್ಗಿಸಿ.

ಡ್ರಮ್ಮಣ್ಣ ಉಳಿದುಕೊಂಡ. ಅಕ್ಕ ಮಾತ್ರ ಜಿಮ್ಮಿಗೆ ನುಗ್ಗಿ, ಪುಡಿಯ ಡಬ್ಬಗಳನ್ನೆಲ್ಲ ಸುತ್ತಿಗೆಯಿಂದ ಒಡೆದು ಚರಂಡಿಗೆ ಸುರಿದಳು.