ಅಮ್ಮ ನೇಯ್ದ ಚಾಪೆಯ ಕೆಳಗೆ

ನಮ್ಮಣ್ಣ ರೋಪತಿ ಬಿಟ್ಟ ಗುದ್ದಿಗೆ ನನ್ನ ತಮ್ಮ ಸೇಫೋನ ಎರಡು ಹಲ್ಲು ವೃದ್ಧಾಶ್ರಮದ ನೆಲಕ್ಕೆ ಉದುರಿದವು. ಡಾಕ್ಟರಮ್ಮ ಹೆದರಿ ಗೋಡೆಗೆ ಅಂಟಿಕೊಂಡಳು. ಇವರಿಬ್ಬರ ಜಗಳ ನಾವಿರುವ ಲೋಗನ್ ಊರಿನ ಅರ್ಧ ಜನಕ್ಕೆ ಗೊತ್ತು, ಪಾಪ ಅವಳಿಗೆ ಹೊಸದು.

ಅವಳು ಹೇಳಿದ್ದು ಇಷ್ಟೇ. ಸಕ್ಕರೆ ಕಾಯಿಲೆಯಿಂದ ಅಪ್ಪನ ಕಾಲು ಕೊಳೆತಿದೆ, ಕತ್ತರಿಸದಿದ್ದರೆ ಹೆಚ್ಚು ದಿನ ಬದುಕಲ್ಲ, ನೀವೇನಂತೀರಿ?

"ಕತ್ತರಿಸಿ," ಅಂದಿದ್ದ ಅಣ್ಣ.

"ಅಪ್ಪ ಏನು ಹಬ್ಬದ ಹಂದಿಯಾ, ತೊಡೆ ಕಡಿಯೋಕೆ?" ಅಂದ ಸೇಫೋ.

"ಮನೆತನದ ಪಟ್ಟ ನಂದು ಕಣೋ. ಬಾಯ್ಮುಚ್ಕೊಂಡು ಕೂತ್ಕೋ."

"ಪಟ್ಟ ನಿಂದಾದ್ರೆ ಅಪ್ಪನ ಕಾಲೂ ನಿಂದಾ?"

ಆಗಲೇ ಬಿದ್ದದ್ದು ಗುದ್ದು. ಸೇಫೋ ರಕ್ತ ಉಗುಳಿ ಕುರ್ಚಿ ಎತ್ತಿ ಬೀಸಿದ. ಅಣ್ಣ ಅವನ ಕುತ್ತಿಗೆ ಹಿಡಿದು ನೂಕಿದ. ಇಬ್ಬರೂ ಹೋಗಿ ಅಪ್ಪನ ಗಾಲಿಕುರ್ಚಿಗೆ ಅಪ್ಪಳಿಸಿದರು. ಅಪ್ಪ ಮಗುಚಿ ಬಿದ್ದು ಹಣೆ ಒಡೆಯಿತು, ಕಾಲಿನ ಕಟ್ಟು ಬಿಚ್ಚಿ ಕೀವು ನೆಲಕ್ಕಿಳಿಯಿತು. ನಾನು ಚಪ್ಪಲಿ ತೆಗೆದು ಇಬ್ಬರಿಗೂ ಬಾರಿಸಿದೆ. ಥೂ, ನಾಚಿಕೆಗೆಟ್ಟವು.

ನಮ್ಮ ಸಮೋವಾದವರಲ್ಲಿ ಮನೆತನದ ಪಟ್ಟ ಹೊತ್ತವನದೇ ಮಾತು. ಆಶ್ರಮ ಸೇರಿದ ದಿನವೇ ಅಪ್ಪ ಪಟ್ಟವನ್ನು ಅಣ್ಣನಿಗೆ ಕೊಟ್ಟುಬಿಟ್ಟಿದ್ದ. ಆಮೇಲೆ ಅಪ್ಪನನ್ನು ಯಾರೂ ಏನೂ ಕೇಳಿರಲಿಲ್ಲ, ಊಟಕ್ಕೇನು ಬೇಕು ಅಂತಲೂ.

ಮರುದಿನ ಬೆಳಿಗ್ಗೆ ಅಣ್ಣ ಅಪ್ಪನ ಕೋಣೆಯ ಬಾಗಿಲಲ್ಲಿ ನೆಲದ ಮೇಲೆ ಕೂತಿದ್ದ, ಅಮ್ಮ ನೇಯ್ದ ನಯವಾದ ಚಾಪೆಯನ್ನು ತಲೆ ತುಂಬ ಹೊದ್ದು. ನಮ್ಮಲ್ಲಿ ತಪ್ಪು ಮಾಡಿದವನು ಹಾಗೇ ಕೂರಬೇಕು. ನೊಂದವರು ಚಾಪೆ ಎತ್ತಿದರೆ ಕ್ಷಮಿಸಿದ ಹಾಗೆ. ಎತ್ತದೆ ತಲೆ ಒಡೆದದ್ದೂ ಹಿಂದೆ ಉಂಟಂತೆ.

ಅಪ್ಪ ಗಾಲಿಕುರ್ಚಿಯಲ್ಲಿ ಕೂತು ತಾನೇ ಚಕ್ರ ತಳ್ಳಿಕೊಂಡು ಬಂದ. ಚಾಪೆ ಎತ್ತಲಿಲ್ಲ. ಊರುಗೋಲು ಬೀಸಿ ಅದರ ಮೇಲೆ ಒಂದು ಏಟು ಕೊಟ್ಟ.

"ನಿನ್ನ ಬೀಳಿಸಿದ್ದು ತಪ್ಪಾಯ್ತಪ್ಪಾ."

ಇನ್ನೊಂದು ಏಟು.

"ತಮ್ಮನ ಹಲ್ಲು ಉದುರಿಸಿದ್ದೂ ತಪ್ಪು."

ಮತ್ತೆ ಏಟು, ಈ ಸಲ ಬಲವಾಗಿ. ಚಾಪೆಯ ಅಂಚಿನಿಂದ ರಕ್ತ ತೊಟ್ಟಿಕ್ಕಿತು. ನಾನು ತಡೆಯಲು ಹೋದೆ, ಅಪ್ಪ ನನ್ನತ್ತಲೂ ಕೋಲೆತ್ತಿದ. ನನಗೆ ಅಳು ಬಂತು, ಸಿಟ್ಟೂ ಬಂತು.

"ಮತ್ತೇನಪ್ಪಾ?" ಚಾಪೆಯೊಳಗೆ ಅಣ್ಣನೂ ಅಳುತ್ತಿದ್ದ. "ಹೇಳು, ನಿಂಗೇನು ಬೇಕು?"

ಕೋಲು ನಿಂತಿತು. ಅಪ್ಪ ಬಗ್ಗಿ ಚಾಪೆ ಎತ್ತಿದ.

"ಕಾಲು ಕಡಿಯೋದು ಬೇಡ. ನೋವಿಗೆ ಔಷಧಿ ಕೊಟ್ಟರೆ ಸಾಕು."

"ಸತ್ತೋಗ್ತೀಯಪ್ಪಾ."

"ಗೊತ್ತು ಕಣೋ. ಪಟ್ಟ ನಿಂದಲ್ವಾ, ಹೋಗಿ ನೀನೇ ಹೇಳು."

ಅಣ್ಣ ಚಾಪೆ ಮಡಚಿ ಕಂಕುಳಿಗಿಟ್ಟುಕೊಂಡು ಡಾಕ್ಟರಮ್ಮನ ಕೋಣೆಗೆ ಹೋದ. ಕಿವಿಯಿಂದ ರಕ್ತ ಇಳಿಯುತ್ತಲೇ ಇತ್ತು, ಒರೆಸಿಕೊಳ್ಳಲಿಲ್ಲ. ಡಾಕ್ಟರಮ್ಮ ಅವನನ್ನು ಕಂಡು ಕುರ್ಚಿಯಿಂದ ಎದ್ದಳು. ಅವನು ಅವಳೆದುರು ನಿಂತು, "ನಮ್ಮಪ್ಪ ಹೇಳಿದ್ದು," ಅಂತ ಶುರು ಮಾಡಿದ.