ತಣ್ಣಗಾದ ಗಂಟೆ

ಹಡಗು ದಕ್ಕೆಗೆ ಕಟ್ಟಿ ಎಂಟು ತಾಸಾಯಿತು, ಅದರ ಎಂಜಿನ್ ಒಂದು ನಿಮಿಷವೂ ನಿಂತಿಲ್ಲ, ಬೆಳಿಗ್ಗೆ ಎಂಟಕ್ಕೇ ನಿಂತಿತೆಂದು ಕಾಗದದಲ್ಲಿ ಬರೆದಿದೆ. ಕೆಳಗೆ ಒಂದು ಸಹಿಯ ಜಾಗ ಖಾಲಿ, ಅದು ಓಫೇಲಿಯಾ ಬಾರಗಾನಳದು, ದಕ್ಕೆಯ ಎಲೆಕ್ಟ್ರಿಷಿಯನ್ ಸಹಿ ಹಾಕದೆ ಕಾಗದ ಬಂದರಿನ ಕಚೇರಿ ದಾಟುವುದಿಲ್ಲ — ಅವಳು ದಕ್ಕೆಯ ನೆಲದಲ್ಲಿ ತೋಡಿದ ಕರೆಂಟಿನ ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಾಳೆ, ಹಡಗಿನಿಂದ ಇಳಿಬಿಟ್ಟ ಎರಡು ಕೇಬಲ್ಲುಗಳು ಗುಂಡಿಯೊಳಗೆ ಇಳಿದಿವೆ, ಪ್ಲಗ್ಗುಗಳನ್ನು ತಾನೇ ತಿರುಗಿಸಿ ಬಿಗಿದದ್ದು, ದಡದ ಕರೆಂಟು ಸಿದ್ಧವಾಗಿದೆ, ಹಡಗು ಅದನ್ನು ಎಳೆದುಕೊಂಡರೆ ಎಂಜಿನ್ ಆರಿಸಬಹುದು, ಮೀಟರಿನಲ್ಲಿ ಮಾತ್ರ ಸೊನ್ನೆ, ಸೊನ್ನೆ, ಸೊನ್ನೆ. ಮೇಲೆ ಹೊಗೆ. ನಮ್ಮ ಸ್ವಿಚ್ಚು ಕಚ್ಕೊಂಡಿದೆ ಮೇಡಂ, ನಾಲ್ಕಕ್ಕೆ ಹೊರಡೋರು ನಾವು, ಯಾರು ಬಿಚ್ತಾರೆ ಈಗ, ಎಂದು ಹಡಗಿನ ಎಂಜಿನಿಯರ್ ಏಣಿಯ ಮೇಲಿಂದ ಕೂಗಿ ಒಳಗೆ ಹೋದ, ಹೋದವನು ಹೋದ, ಸಾಕ್ಷಿಗೆಂದು ಕೇಬಲ್ಲುಗಳ ಫೋಟೋ ತೆಗೆದುಕೊಳ್ಳಲು ಮಾತ್ರ ಹಡಗಿನಿಂದ ಇಬ್ಬರು ಇಳಿದು ಬಂದರು, ಮದುವೆ ಮನೆಯಲ್ಲಿ ತೆಗೆದ ಹಾಗೆ ಎಡದಿಂದ ಬಲದಿಂದ ತೆಗೆದರು. ಈಗ ಮೇಸ್ತ್ರಿ ವಿಂಕೋ ಬಂದಿದ್ದಾನೆ, ಮೂರು ತಿಂಗಳಲ್ಲಿ ನಿವೃತ್ತಿ, ಬಗಲಲ್ಲಿ ಕಾಗದದ ಹಲಗೆ, ಮುಟ್ಟಿದೆಯಲ್ಲ ಬಾರಗಾನ್, ಕೇಬಲ್ಲು ಮುಟ್ಟಿದೆ ತಾನೇ, ಮುಟ್ಟಿದ್ರೆ ಸೇರಿದ ಹಾಗೇ, ಹಾಕು ಸಹಿ. ಪ್ಲಗ್ ಹಾಕಿ ಸ್ವಿಚ್ ಒತ್ತದೆ ನಿಮ್ಮನೆ ರೇಡಿಯೋ ಹಾಡತ್ತಾ ಬಾಸ್? ಹೀಗೆ ಮಾತಿಗೆ ಮಾತು ಕೊಟ್ಟೇ ನಿನ್ ಗಂಡ ಓಡಿಹೋದ್ನಾ? ಅವನು ಓಡಿಹೋಗ್ಲಿಲ್ಲ, ನಾನೇ ಓಡಿಸಿದ್ದು, ಗೊತ್ತಿಲ್ದೇ ಇದ್ರೆ ಕೇಳ್ಬೇಕು — ಕ್ರೇನಿನವರು ನಗುತ್ತಾರೆ, ವಿಂಕೋ ಕೂಡ ನಗುತ್ತಾನೆ, ನಗುತ್ತಲೇ ಪೆನ್ನು ಚಾಚುತ್ತಾನೆ, ಎಷ್ಟು ಸಲೀಸು ಇವರಿಗೆ ನಗುವುದು.

ಮುಟ್ಟಿದೆ, ಎಂಥ ಮಾತು, ಯಾವ ಹಾಳು ಬಾಯಿಂದ ಬಂತು ಈ ಮಾತು, ಮೊದಲ ದಿನ ಇದೇ ವಿಂಕೋ ಇದೇ ಗುಂಡಿಯ ಬಾಯಲ್ಲಿ ನಿಲ್ಲಿಸಿ ಹೇಳಿಕೊಟ್ಟಿದ್ದ, ಸಿಕ್ಕಿಸಿದ್ರಾ ಅಂತ ಕೇಳ್ಬೇಡ, ತಣ್ಣಗಾಯ್ತಾ ಅಂತ ಕೇಳು, ಕಲ್ಲಿದ್ದಲ ಕಾಲದಿಂದ ದಕ್ಕೆಯವರು ಕೇಳೋದು ಅದನ್ನೇ, ಒಲೆ ಆರಿಸಿದ ಮೇಲೆ ಕಬ್ಬಿಣ ತಣ್ಣಗಾಗಬೇಕು, ಅದಕ್ಕೇ ನಮ್ಮ ಕಾಗದದಲ್ಲಿ ತಣ್ಣಗಾದ ಗಂಟೆ ಅಂತಲೇ ಇರೋದು. ಕಾಗದದ ಆ ಚೌಕದಲ್ಲಿ ಈಗ ಯಾವನೋ ಎಂಟು ಎಂದು ಗುಂಡಗೆ, ಚೆಂದಕ್ಕೆ ಬರೆದಿದ್ದಾನೆ. ಮೇಲೆ ಹೊಗೆ, ಗಾಳಿ ತೆಂಕಣದಿಂದ, ಅಂದರೆ ಬಂದರಿನ ಬೆನ್ನಿಗಿರುವ ವಿಲ್ಮಿಂಗ್ಟನ್ನಿನ ಮನೆಗಳ ಕಡೆಗೆ, ಅಂದರೆ ಅಮ್ಮನ ಅಂಗಳಕ್ಕೆ, ಅಮ್ಮ ಎಲ್ವಿರಾ ಒದ್ದೆ ಬಟ್ಟೆ ಹಿಡಿದು ನಿಂಬೆಗಿಡದ ಎಲೆ ಎಲೆಯನ್ನೂ ಒರೆಸುತ್ತಿರುತ್ತಾಳೆ, ಮಗುವಿನ ಕಿವಿ ಒರೆಸಿದ ಹಾಗೆ, ಮಿಹಾ, ಮಗಳೇ, ಗಿಡಕ್ಕೂ ಉಸಿರು ಬೇಕಲ್ಲೇ ಎನ್ನುತ್ತಾಳೆ, ತಾನು ಮಾತ್ರ ನಾಲ್ಕು ವರ್ಷದಿಂದ ಕೂತೇ ನಿದ್ದೆ ಮಾಡುತ್ತಾಳೆ, ಮಲಗಿದರೆ ಎದೆ ಕಟ್ಟುತ್ತದೆ. ಹನ್ನೆರಡು ವರ್ಷ ಬಂದರಿನ ಸಭೆಗಳಿಗೆ ಅಲೆದವಳು, ಬುತ್ತಿಗೆ ಜೋಳದ ಹಿಟ್ಟಿನ ತಮಾಲೆ ಕಟ್ಟಿಕೊಂಡು, ಬೀದಿಯ ಹೆಂಗಸರನ್ನೆಲ್ಲ ಎಬ್ಬಿಸಿಕೊಂಡು, ಮಾತಿಗೆ ಎರಡು ನಿಮಿಷ ಕೊಡುತ್ತಿದ್ದರು, ಸ್ಪ್ಯಾನಿಷಿನಿಂದ ಇಂಗ್ಲಿಷಿಗೆ ಮಾಡುವವನೇ ಅದರಲ್ಲಿ ಒಂದು ನಿಮಿಷ ನುಂಗುತ್ತಿದ್ದ, ಕೊನೆಗೊಂದು ದಿನ ಅಮ್ಮ ಬಾಯಿ ಬಿಡಲೇ ಇಲ್ಲ, ಎಲೆ ಒರೆಸಿ ಕಪ್ಪಾದ ಬಟ್ಟೆಯನ್ನು ಅವರ ಮೇಜಿನ ಮೇಲೆ ಹರಡಿ ಎರಡು ನಿಮಿಷವೂ ಸುಮ್ಮನೆ ನಿಂತಳು, ಅಧಿಕಾರಿಯೊಬ್ಬ ತನ್ನ ಕಾಫಿ ಲೋಟವನ್ನು ಮೆಲ್ಲಗೆ ಆಚೆ ಸರಿಸಿದ. ಲೋಟ ಸರಿಸಿದ! ಆ ಹೆಂಗಸರು ಹಾಗೆ ನಿಂತದ್ದಕ್ಕೇ ಈ ಗುಂಡಿ ತೋಡಿದರು, ಗುಂಡಿ ತೋಡಿದ್ದಕ್ಕೇ ಎಲೆಕ್ಟ್ರಿಷಿಯನ್ನರು ಬೇಕಾದರು, ಓಫೇಲಿಯಾಳ ಅನ್ನ ಆ ಬಟ್ಟೆಯಿಂದ ಬಂದದ್ದು, ಈಗ ಅದೇ ಗುಂಡಿಯ ಬಾಯಲ್ಲಿ ಅವಳ ಕೈಯಿಂದಲೇ ಅದನ್ನು ಸುಳ್ಳು ಮಾಡಿಸುತ್ತಾರೆ, ಹೊರಗಿನವರ ಸಹಿ ಸಾಲದು ಇವರಿಗೆ, ಎಲ್ವಿರಾಳ ಮಗಳದೇ ಬೇಕು.

ಓಫೇಲಿಯಾ, ಎನ್ನುತ್ತಾನೆ ವಿಂಕೋ — ಬಾರಗಾನ್ ಎಂದರೆ ಅಪ್ಪಣೆ, ಓಫೇಲಿಯಾ ಎಂದರೆ ಬೇಡಿಕೆ, ಇಪ್ಪತ್ತು ವರ್ಷದ ಪರಿಚಯ — ಓಫೇಲಿಯಾ, ಒಂದೇ ಒಂದು ಹಡಗು ಕಣೇ, ಸಂಜೆಗೆ ಇರಲ್ಲ ಅದು, ಮೂರು ತಿಂಗಳು ನನ್ನ ನೆಮ್ಮದಿಯಾಗಿ ಬಿಡು. ಅವನ ಕಣ್ಣಿನಲ್ಲಿ ನೀರಿದೆ, ಹೊಗೆಯದೋ ಭಯದ್ದೋ, ಒಂದು ಕ್ಷಣ ಪಾಪ ಎನಿಸುತ್ತದೆ, ಮರುಕ್ಷಣ ಆ ಪಾಪದ ಮೇಲೇ ಸಿಟ್ಟು ಬರುತ್ತದೆ, ಯಾವಾಗಲೂ ಹೀಗೇ, ಹೊಗೆ ಬಿಡುವವರು ಎಲ್ಲೋ ಗಾಜಿನ ಕೋಣೆಯಲ್ಲಿ, ಅವರು ಬೇಡಲು ಕಳಿಸುವುದು ನಮ್ಮವರನ್ನೇ. ಹಾಕಲ್ಲ ಬಾಸ್. ಹಾಕದೇ ಇದ್ರೆ ನಾಳೆಯಿಂದ ಈ ದಕ್ಕೆಗೆ ಬರಬೇಡ ಬಾರಗಾನ್, ನಾನ್ ಹೇಳ್ತಿಲ್ಲ, ಮೇಲಿನೋರು ಹೇಳ್ತಿದ್ದಾರೆ, ತಗೋ ಪೆನ್ನು. ಹಡಗು ತಣ್ಣಗಿದೆಯಾ ಬಾಸ್? ತಗೋ ಅಂದ್ನಲ್ಲ. ತಲೆ ಎತ್ತಿ ನೋಡಿ ಹೇಳಿ, ತಣ್ಣಗಿದೆಯಾ? ಅವನು ತಲೆ ಎತ್ತುವುದಿಲ್ಲ, ಪೆನ್ನು ಗಾಳಿಯಲ್ಲಿ ಹಾಗೇ ನಿಂತಿದೆ, ಅವಳ ಕೈ ಮೇಲೇಳುವುದಿಲ್ಲ, ಹಾಕಲ್ಲ, ನಾಳೆ ಬರಬೇಡ ಅಂದ್ರೆ ಬರಲ್ಲ, ಇದಕ್ಕೆ ಮಾತ್ರ ಹಾಕಲ್ಲ — ಮೇಲೆ ಹೊಗೆ, ತೆಂಕಣ ಗಾಳಿಗೆ ಬಾಗಿದ ಹೊಗೆ, ಹೊಗೆ.